ಅತ್ತೆಯವರ ಗಾಡಿ, ನನ್ನ ಬೀಗ

ಮನೆಗೆ ಬೀಗ ಹಾಕುವವರಲ್ಲಿ ಎರಡು ಜಾತಿ. ಬೀಗ ಹಾಕಿ, ಒಮ್ಮೆ ಎಳೆದು ನೋಡಿ ಹೊರಟೇಬಿಡುವವರದು ಒಂದು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ‘ಎಳೆದು ನೋಡಿದೆನೋ ಇಲ್ಲವೋ’ ಎಂದು ಅನುಮಾನ ಬಂದು ಬೆವರುತ್ತಾ ವಾಪಸು ಬರುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು, ಅದರಲ್ಲೂ ಬಹಳ ಶ್ರೇಷ್ಠ ಕುಲದವನು. ಯಾಕೆಂದರೆ ನನಗೆ ಬೀಗದ ಜೊತೆಗೆ ಗ್ಯಾಸ್ ಸಿಲಿಂಡರಿನ ಚಿಂತೆಯೂ ಇದೆ. ಅಡುಗೆಮನೆಯ ಮೂಲೆಯಲ್ಲಿ ತನ್ನ ಪಾಡಿಗೆ ತಾನು ಕೂತಿರುವ ಆ ಕೆಂಪು ಸಿಲಿಂಡರನ್ನು ನಾನು ಈವರೆಗೆ ಒಂದು ದಿನವೂ ಪೂರ್ತಿಯಾಗಿ ನಂಬಿದ್ದಿಲ್ಲ. ಅದೂ ನನ್ನನ್ನು ನಂಬಿದಂತೆ ಕಾಣುವುದಿಲ್ಲ.

ಇದಕ್ಕೆ ನನ್ನ ನೌಕರಿಯನ್ನೇ ದೂರಬೇಕು. ನಿವೃತ್ತನಾಗುವವರೆಗೂ ನಾನು ವಿಕ್ರೋಳಿಯ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿದ್ದೆ. ಹೆಲ್ಮೆಟ್ ಹಾಕದವರನ್ನು ಹಿಡಿಯುವುದು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕೆಂದು ತೋರಿಸುವುದು, ಗೋಡೆಗೆ ‘ಎಚ್ಚರಿಕೆ’ ಅಂಟಿಸುವುದು ನನ್ನ ಕೆಲಸ. ನಾನು ದೂರದಲ್ಲಿ ಕಂಡರೆ ಸಾಕು, ಜನ ಬೀಡಿ ಆರಿಸಿ ಹೆಲ್ಮೆಟ್ ಹುಡುಕುತ್ತಿದ್ದರು. ಕಾರ್ಖಾನೆಯಲ್ಲಿ ಅಷ್ಟು ಮರ್ಯಾದೆಯಿದ್ದ ಮನುಷ್ಯ ವಿಲೆ ಪಾರ್ಲೆಯ ಮನೆಗೆ ಬಂದು, ಗ್ಯಾಸ್ ಪೈಪಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡಿದರೆ ಹೆಂಡತಿ ಶಾರದೆ, “ಹಾಗೇ ಒಲೆಯನ್ನೂ ತೊಳೆದುಬಿಡಿ” ಅನ್ನುತ್ತಾಳೆ.

ಈ ಚಿಂತೆಯಿಂದ ಒಂದು ಸಲ ದೊಡ್ಡ ಅನಾಹುತವೇ ಆಗಿಹೋಗಿತ್ತು. ಅತ್ತೆಯವರ ತಂಗಿ, ಅಂದರೆ ನಮ್ಮ ಕಮಲ ಚಿಕ್ಕಮ್ಮ, ಕುಂದಾಪುರದಲ್ಲಿದ್ದಾರೆ. ಅವರ ಮಗಳ ಮದುವೆಗೆಂದು ಅತ್ತೆಯವರನ್ನೂ ಕರೆದುಕೊಂಡು ಕುರ್ಲಾ ಟರ್ಮಿನಸ್ಸಿಗೆ ಹೋಗಿದ್ದೆವು. ಗಾಡಿ ಬರಲು ಇನ್ನೂ ಹೊತ್ತಿತ್ತು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಹುಳ ತಲೆಗೆ ಹೊಕ್ಕಿತು. ರಿಕ್ಷಾ ಹಿಡಿದು ಪಾರ್ಲೆಗೆ ಓಡಿದೆ. ಗ್ಯಾಸ್ ಬಂದ್ ಆಗಿತ್ತು. ಸಮಾಧಾನದಿಂದ ಕುರ್ಲಾಕ್ಕೆ ಬರುವಷ್ಟರಲ್ಲಿ ರೈಲೂ ಹೋಗಿ, ಮದುವೆಯೂ ಕೈತಪ್ಪಿತ್ತು. ಅಂದಿನಿಂದ ಯಾರಾದರೂ ರೈಲಿನ ಸುದ್ದಿ ಎತ್ತಿದರೆ ಅತ್ತೆಯವರು ಒಮ್ಮೆ ನನ್ನ ಮುಖ ನೋಡುತ್ತಾರೆ.

ಈಚೆಗೆ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರು ಮುಂಬಯಿಗೆ ಬರುವ ಮಾತು ಮುಗಿಯಿತು. ಅಕ್ಕ-ತಂಗಿಯರ ಭೇಟಿ ಇನ್ನು ಅತ್ತೆಯವರು ಹೋದರೆ ಮಾತ್ರ. ಆದರೆ ಮಾವನವರು ತೀರಿಕೊಂಡ ಮೇಲೆ ಅತ್ತೆಯವರ ಮಡಿ ಬಹಳ ಬಿಗಿಯಾಗಿದೆ. ತಾವು ಕೈಯಾರೆ ಬೇಯಿಸಿದ್ದನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಅವರ ಮಗ, ನನ್ನ ಭಾವಮೈದ ಜಗದೀಶ, ಕೇಟರಿಂಗ್ ಮಾಡಿ ಅರ್ಧ ಮುಂಬಯಿಗೆ ಇಡ್ಲಿ-ಸಾಂಬಾರು ಬಡಿಸುತ್ತಾನೆ. ಅವನ ತಾಯಿ ಮಾತ್ರ ಅವನ ಒಂದು ಇಡ್ಲಿಯನ್ನೂ ತಿಂದಿಲ್ಲ. ಇದರ ಮೇಲೆ ಅವರಿಗೆ ಸಕ್ಕರೆ ಕಾಯಿಲೆ. ಹಸಿದುಕೊಂಡು ಇರಲೇಬಾರದೆಂದು ಡಾಕ್ಟರ ಆಜ್ಞೆ. ಹಾಗಾಗಿ ಅವರು ಪ್ರಯಾಣ ಮಾಡಬೇಕೆಂದರೆ ಅಡುಗೆಮನೆಯೂ ಜೊತೆಗೆ ಪ್ರಯಾಣ ಮಾಡಬೇಕು.

“ಅಷ್ಟೇ ಅಲ್ವಾ?” ಅಂದ ಜಗದೀಶ. ಅವನ ಹತ್ತಿರ ಎರಡು ಸಾಲು ಸೀಟಿನ ಒಂದು ಪಿಕಪ್ ಟ್ರಕ್ ಇತ್ತು. ಸಾಮಾನು ತುಂಬುವ ಹಿಂಭಾಗದ ಮೇಲೆ ಒಂದು ಪುಟ್ಟ ಕೋಣೆಯನ್ನೇ ಕಟ್ಟಿಸಿಬಿಟ್ಟ. ಒಳಗೆ ಮಲಗಲು ಹಲಗೆ, ಪಾತ್ರೆಗೆ ಗೂಡು, ನೀರಿನ ಟಾಕಿ, ಎರಡು ಬರ್ನರಿನ ಒಲೆ, ದೇವರ ಪಟಕ್ಕೊಂದು ಮೊಳೆ. ಎಲ್ಲಾ ಮುಗಿಸಿ ನನ್ನ ಹತ್ತಿರ ಬಂದು, “ಭಾವ, ಸಿಲಿಂಡರ್ ಕೂರಿಸುದು ಮಾತ್ರ ನಿಮಗೇ ಬಿಟ್ಟದ್ದು. ನೀವು ಸೇಫ್ಟಿಯವರು,” ಅಂದ. ನಿವೃತ್ತನಾದ ಮೇಲೆ ಮೊದಲ ಬಾರಿಗೆ ಒಬ್ಬರು ನನ್ನನ್ನು ಸೇಫ್ಟಿಯವರು ಎಂದು ಕರೆದದ್ದು. ನನಗೆ ಕಣ್ಣು ಒದ್ದೆಯಾಯಿತು.

ಧಾರಾವಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ವಿಜಾಪುರ ಕಡೆಯ ಮಲ್ಲಪ್ಪನ ಹತ್ತಿರ ಗಾಡಿ ತೆಗೆದುಕೊಂಡು ಹೋದೆವು. ನಾನು ಅವನಿಗೆ ನಿಂತಲ್ಲೇ ಪಾಠ ಶುರುಮಾಡಿದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲಕ್ಕೆ ಹೋಗದೆ ನೆಲದಲ್ಲೇ ಹರಡಿಕೊಂಡು ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿನ ಪೆಟ್ಟಿಗೆ ಕೋಣೆಯ ಹೊರಗೆ ಇರಬೇಕು, ಅದರ ಬಾಗಿಲೂ ಹೊರಕ್ಕೇ ತೆರೆಯಬೇಕು, ತಳದಲ್ಲಿ ತೂತುಗಳಿರಬೇಕು. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಮಲಗಿಸಕೂಡದು. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಆಗಿರಬೇಕು. ಒಳಗೆ ಕೋಣೆಯಲ್ಲೂ ಬಾಗಿಲ ಪಕ್ಕ, ನೆಲಮಟ್ಟದಲ್ಲಿ, ಗಾಳಿಕಿಂಡಿ ಬೇಕು. ಮಲ್ಲಪ್ಪ ಎಲ್ಲದಕ್ಕೂ “ಹೌದ್ರಿ” ಅಂದ. ಅತ್ತೆಯವರು ಮಾತ್ರ ಆ ಕಿಂಡಿ ನೋಡಿ, “ಇದೆಂತ, ಜಿರಳೆಗೆ ಪ್ರತ್ಯೇಕ ಬಾಗಿಲಾ?” ಎಂದು ಕೇಳಿದರು. ಅದಕ್ಕೊಂದು ಜಾಲರಿ ಹಾಕಿಸಿ ರಾಜಿ ಮಾಡಿಕೊಂಡೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಎರಡು ಪುಟ್ಟ ಸಿಲಿಂಡರುಗಳಿಗೂ ಕಬ್ಬಿಣದ ಪಟ್ಟಿ ಬಿಗಿಸಿದ್ದಾಯಿತು. ಘಾಟಿಯ ತಿರುವು ನೆನಪಾಗಿ ಮೇಲೊಂದು ಪಟ್ಟಿ ಹಾಕಿಸಿದೆ. ರಸ್ತೆಯ ಹೊಂಡಗಳು ನೆನಪಾಗಿ ಅಡಿಗೆ ರಬ್ಬರ್ ಹಾಸಿಸಿದೆ. ಅಲ್ಲಿಗೆ ಸಿಲಿಂಡರ್ ತಾನಾಗಿ ಹೊರಗೆ ಬರುವ ಭಯ ಹೋಯಿತು, ಬೇರೆಯವರು ಹೊರಗೆ ತೆಗೆಯುವ ಭಯ ಶುರುವಾಯಿತು. ನಾನು ಬೆಳೆದದ್ದು ಚಾಳಿನ ಸಾಲುಮನೆಯಲ್ಲಿ. ಅಲ್ಲಿ ಖಾಲಿ ಸಿಲಿಂಡರನ್ನು ಎಲ್ಲರೂ ಓಡಾಡುವ ಗ್ಯಾಲರಿಯಲ್ಲಿಟ್ಟರೆ ಸರಪಳಿ ಸುತ್ತಿ ಬೀಗ ಹಾಕದೆ ಯಾರೂ ಮಲಗುತ್ತಿರಲಿಲ್ಲ. ಆ ಬುದ್ಧಿ ಎಲ್ಲಿಗೆ ಹೋದೀತು? ಪೆಟ್ಟಿಗೆಗೆ ದಪ್ಪ ಕೊಂಡಿ ಹಾಕಿಸಿ, ಅಂಗೈಯಗಲದ ಬೀಗ ಜಡಿದೆ.

“ಭಾವ, ಇದು ಸಿಲಿಂಡರಾ, ಸೊಸೈಟಿ ಬ್ಯಾಂಕಿನ ತಿಜೋರಿಯಾ?” ಅಂದ ಜಗದೀಶ.

“ಸಾಹೇಬ್ರ, ಗಾಡೀನs ಕದ್ದೊಯ್ದ್ರ ಏನ್ ಮಾಡ್ತೀರಿ?” ಎಂದು ಮಲ್ಲಪ್ಪ ಕೇಳಿದ. ಆ ಸಾಧ್ಯತೆ ನನಗೆ ಹೊಳೆದಿರಲಿಲ್ಲ. ಆ ದಿನದ ಊಟ ಸರಿಯಾಗಿ ಸೇರಲಿಲ್ಲ.

ಹೊರಡುವ ಮುಂಚಿನ ಭಾನುವಾರ ಬೆಳಿಗ್ಗೆ ಗಾಡಿಯನ್ನು ನಮ್ಮ ಬಿಲ್ಡಿಂಗಿನ ಕಂಪೌಂಡಿಗೆ ತರಿಸಿದೆವು. ಮನೆ ಎಂದ ಮೇಲೆ ಒಕ್ಕಲಾಗುವ ಮೊದಲು ಹಾಲುಕ್ಕಿಸಬೇಕು ಎಂದು ಅತ್ತೆಯವರು ಅಪ್ಪಣೆ ಕೊಟ್ಟಿದ್ದರು. ಚಕ್ರ ಇದ್ದರೇನು, ಮನೆ ಮನೆಯೇ. ಹಾಲು ಪೂರ್ವಕ್ಕೆ ಉಕ್ಕಬೇಕೆಂದು ಪಾತ್ರೆಯ ಪಶ್ಚಿಮದ ಅಂಚಿನಡಿಗೆ ಒಂದು ಚಮಚದ ಹಿಡಿ ಸಿಕ್ಕಿಸಿ ವಾಲಿಸಿದರು. ಒಲೆಯನ್ನು ಮಟ್ಟಗೋಲು ಇಟ್ಟು ಸಮ ಮಾಡಿದ್ದವನು ನಾನು. ಶಾರದೆ ಮೊಬೈಲಿನಲ್ಲಿ ಕಮಲ ಚಿಕ್ಕಮ್ಮನನ್ನು ಕರೆದು, ಅವರಿಗೂ ಹಾಲು ಕಾಣುವಂತೆ ಹಿಡಿದು ನಿಂತಳು. ಜಗದೀಶ ಗಂಟೆ ಬಾರಿಸಲು ಸಜ್ಜಾದ. ಅಕ್ಕಪಕ್ಕದ ಮನೆಯವರು ಹಾಲಿನ ನಂತರ ಕಾಫಿ ಬರುವುದನ್ನು ಊಹಿಸಿ ಸುತ್ತ ನೆರೆದಿದ್ದರು. ನಾನು ಮೊದಲೇ ರೆಗ್ಯುಲೇಟರ್ ತೆರೆದು, ಪೆಟ್ಟಿಗೆಗೆ ಬೀಗ ಹಾಕಿ, ಸ್ನಾನಕ್ಕೆ ಹೋಗಿ, ಪಂಚೆ ಉಟ್ಟು ಬಂದು ಗಾಡಿಯ ಹೊರಗೆ ಪೆಟ್ಟಿಗೆಯ ಪಕ್ಕ ನಿಂತೆ.

ಹಾಲು ಉಕ್ಕಿತು. ಜಗದೀಶ ಗಂಟೆ ಬಾರಿಸಿದ. ಒಳಗಿದ್ದವರೆಲ್ಲ ಕಣ್ಣು ಮುಚ್ಚಿ ಕೈ ಮುಗಿದರು. ಹಾಲು ಪೂರ್ವಕ್ಕೆ ಸುರಿದು, ಕೆಳಗಿದ್ದ ಬರ್ನರನ್ನು ಆರಿಸಿತು. ಇಷ್ಟು ಕಾಲ ಮನೆ ಮನೆಗಳಲ್ಲಿ ಹಾಲುಕ್ಕುವುದನ್ನು ಕಂಡವನಿಗೆ, ಉಕ್ಕಿದ ಹಾಲು ಒಲೆಯನ್ನು ಆರಿಸುತ್ತದೆ, ಆರಿದ ಒಲೆಯಿಂದ ಗ್ಯಾಸ್ ಬರುತ್ತಲೇ ಇರುತ್ತದೆ ಎಂಬ ಸಣ್ಣ ವಿಷಯ ತಲೆಗೆ ಬಂದೇ ಇರಲಿಲ್ಲ. ಅದು ಹೊಳೆದದ್ದು ನೆಲದ ಕಿಂಡಿಯಿಂದ ಆ ಕೊಳೆತ ವಾಸನೆ ನನ್ನ ಮೂಗಿಗೆ ಬಂದಾಗ.

ಕೂಡಲೇ ಸಿಲಿಂಡರ್ ಬಂದ್ ಮಾಡಬೇಕು. ಕೈ ಪೆಟ್ಟಿಗೆಗೆ ಹೋಯಿತು, ಬೀಗ. ಕೈ ಸೊಂಟಕ್ಕೆ ಹೋಯಿತು, ಪಂಚೆ. ಬೀಗದ ಕೈ ಪ್ಯಾಂಟಿನ ಜೇಬಿನಲ್ಲಿತ್ತು, ಪ್ಯಾಂಟು ಮೂರನೆಯ ಮಹಡಿಯ ಬಚ್ಚಲಿನ ಗೂಟದಲ್ಲಿತ್ತು. ಬೀಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ನಾನೇ ನಿಂತು ಮಾಡಿಸಿದ ಕೆಲಸ, ಒಂದಿಷ್ಟೂ ಅಲುಗಲಿಲ್ಲ. ಕಿಟಕಿಯಲ್ಲಿ ನೋಡಿದರೆ ಅತ್ತೆಯವರು ದೇವರ ಮುಂದಿನ ದೀಪ ಹಚ್ಚಲು ಬೆಂಕಿಪೊಟ್ಟಣ ತೆಗೆಯುತ್ತಿದ್ದರು. ಕಿರುಚಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕಾರ್ಖಾನೆಯ ಹಿಂದಿ. “ಗ್ಯಾಸ್! ಬಾಹರ್ ನಿಕಲೋ! ಭಾಗೋ!” ವಾಚ್‌ಮನ್ ಗೇಟು ದಾಟಿ ಓಡಿದ. ಕಾಫಿಗೆ ಬಂದವರೆಲ್ಲ ಅವನ ಹಿಂದೆ ಓಡಿದರು. ಓಡಬೇಕಾದವರು ಮಾತ್ರ ಗಂಟೆಯ ಸದ್ದಿನಲ್ಲಿ ಏನೂ ಕೇಳದೆ ಒಳಗೇ ಇದ್ದರು.

ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಬಾಗಿಲಿಗೆ ನುಗ್ಗಿ, “ಬೇಡ! ಬೇಡ! ಕಡ್ಡಿ ಗೀರಬೇಡಿ!” ಅಂದೆ.

ಅತ್ತೆಯವರು ಕಡ್ಡಿ ಹಿಡಿದ ಕೈಯನ್ನು ನಿಲ್ಲಿಸಿ ನೋಡಿದರು. “ಎಂತ ಬೇಡ? ದೀಪ ಹಚ್ಚುದು ಬೇಡ್ವಾ?”

“ಗ್ಯಾಸ್ ಬರ್ತಾ ಇದೆ!”

“ಎಲ್ಲಿ ಬರ್ತಾ ಉಂಟು? ಆಗಲೇ ಬಂದ್ ಮಾಡಿದೆ. ಹಾಲು ಚೆಲ್ಲಿದ ಒಲೆಯನ್ನು ಹಾಗೇ ಬಿಡ್ಲಿಕ್ಕುಂಟಾ ಅಳಿಯಂದ್ರೇ? ಒರೆಸಿ ಮುಗೀತು. ಇನ್ನು ದೀಪ.”

ನೋಡಿದೆ. ಒಲೆಯ ಕಿವಿ ತಿರುಗಿಸಿ ಬಂದ್ ಮಾಡಲಾಗಿತ್ತು. ಒಲೆ ಫಳಫಳ ಹೊಳೆಯುತ್ತಿತ್ತು. ಆದರೂ ಕೋಣೆಯಲ್ಲಿ ಅಷ್ಟೋ ಇಷ್ಟೋ ಗ್ಯಾಸ್ ಉಳಿದಿತ್ತಲ್ಲ, ಬೆಂಕಿಪೊಟ್ಟಣವನ್ನು ಕಿತ್ತುಕೊಂಡೇಬಿಟ್ಟೆ. ಮದುವೆಯಾದಾಗಿನಿಂದ ಅತ್ತೆಯವರ ಕೈಯಿಂದ ನಾನು ಏನನ್ನಾದರೂ ಕಿತ್ತುಕೊಂಡದ್ದು ಅದೊಂದೇ ಸಲ. ಎಲ್ಲರನ್ನೂ ಇಳಿಸಿ, ಕಿಟಕಿ ಬಾಗಿಲು ಹಾರುಹೊಡೆದು, ಜಗದೀಶನನ್ನು ಬೀಗದ ಕೈಗೆ ಓಡಿಸಿದೆ. ಜಿರಳೆಯ ಬಾಗಿಲಿನಿಂದ ಉಳಿದ ವಾಸನೆಯೂ ಹೊರಟುಹೋಯಿತು. ಮೊಬೈಲಿನಿಂದ ಚಿಕ್ಕಮ್ಮ, “ಎಂತಾಯ್ತು ಅಕ್ಕಾ? ಹಾಲು ಉಕ್ಕಿತಾ?” ಎಂದು ಕೇಳುತ್ತಿದ್ದರು. “ಉಕ್ಕಿತು. ಅಳಿಯಂದ್ರೂ ಉಕ್ಕಿದ್ರು,” ಅಂದರು ಅತ್ತೆಯವರು.

ನಾನು ಅಲ್ಲೇ ಕಂಪೌಂಡಿನ ಕಟ್ಟೆಯ ಮೇಲೆ ಕುಸಿದು ಕೂತೆ. ಬಾಯಿ ತಾನಾಗಿ ನಗುತ್ತಿತ್ತು. ಶಾರದೆ ಬಂದು ನನ್ನ ಪಂಚೆಯ ಗಂಟು ಸರಿಮಾಡಿದಳು. ಎಲ್ಲರೂ ಇದ್ದಾರೆ, ಎಲ್ಲರಿಗೂ ಕೈಕಾಲು ನೆಟ್ಟಗಿದೆ ಎಂದು ಒಬ್ಬೊಬ್ಬರನ್ನೇ ನೋಡಿ ಖಾತ್ರಿ ಮಾಡಿಕೊಂಡೆ. ಸಿಲಿಂಡರ್ ಕಳ್ಳನ ಕೈಗೆ ಸಿಗಬಾರದೆಂದು ಹೋಗಿ ನನ್ನ ಕೈಗೂ ಸಿಗದಂತೆ ಮಾಡಿಟ್ಟಿದ್ದೆ. ನಮ್ಮನ್ನು ಕಾಪಾಡಿದ್ದು ಅತ್ತೆಯವರ ಮಡಿ, ಸ್ವಲ್ಪ ಮಟ್ಟಿಗೆ ನನ್ನ ಕಿಂಡಿ. ಸ್ವಲ್ಪ ಮಟ್ಟಿಗೆ ಎಂಬುದನ್ನು ಬರೆಯಲೇಬೇಕು, ಯಾಕೆಂದರೆ ಬೇರೆ ಯಾರೂ ಅದನ್ನು ಹೇಳುವುದಿಲ್ಲ.

ಮರುದಿನವೇ ಮತ್ತೆ ಧಾರಾವಿಗೆ ಹೋದೆವು. ಬೀಗ ಕೊಂಡಿ ಎಲ್ಲ ಕೀಳಿಸಿ, ಒಂದೇ ಕೈಯಲ್ಲಿ ತೆರೆಯುವ ಚಿಲಕ ಹಾಕಿಸಿದೆ. ಮಲ್ಲಪ್ಪ, “ಹಾಕಸಾಂವ್ರೂ ನೀವs, ತಗಸಾಂವ್ರೂ ನೀವs. ಮುಂದಿನ ವಾರ ಮತ್ತ ಬರ್ರಿ,” ಎಂದು ಬೀಳ್ಕೊಟ್ಟ.

ಹೊರಟ ದಿನ ಚೆಂಬೂರಿನಲ್ಲಿ ಒಮ್ಮೆ, ವಾಶಿ ಸೇತುವೆ ದಾಟಿ ಇನ್ನೊಮ್ಮೆ ಗಾಡಿ ನಿಲ್ಲಿಸಿ ಪಟ್ಟಿಗಳನ್ನು ಅಲುಗಿಸಿ ನೋಡಿದೆ. ಸಿಲಿಂಡರುಗಳು ಕೂರಿಸಿದಲ್ಲೇ ಕೂತಿದ್ದವು. ಇಷ್ಟು ಹಗುರಾಗಿ ನಾನು ಯಾವ ಪ್ರಯಾಣದಲ್ಲೂ ಉಸಿರಾಡಿದ್ದಿಲ್ಲ. ಸೀಟಿಗೆ ಒರಗಿ ಕಣ್ಣು ಮುಚ್ಚಿದೆ. ಪನ್ವೇಲ್ ಬಂತು. ಗಾಡಿಯ ಸಿಲಿಂಡರಿನ ಗದ್ದಲದಲ್ಲಿ ಮನೆಯ ಸಿಲಿಂಡರ್ ಬಂದ್ ಮಾಡಿದೆನೋ ಇಲ್ಲವೋ? ಕಣ್ಣು ತೆರೆದೆ. ಮುಖ ಬಿಳುಚಿರಬೇಕು. ಪಕ್ಕದಲ್ಲಿದ್ದ ಅತ್ತೆಯವರು ತಮ್ಮ ಜಪದ ಚೀಲಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ನನ್ನ ತೊಡೆಯ ಮೇಲಿಟ್ಟರು. ಬಿಚ್ಚಿದರೆ ನಮ್ಮ ಮನೆಯ ಗ್ಯಾಸಿನ ರೆಗ್ಯುಲೇಟರ್.

“ಪನ್ವೇಲಿಗೆ ಬರುವಾಗ ನೀವು ಕೇಳ್ತೀರಿ ಅಂತ ಗೊತ್ತಿತ್ತು. ಬಂದ್ ಮಾಡಿ, ಕಳಚಿಯೇ ತಂದಿದ್ದೇನೆ. ಇಟ್ಕೊಳ್ಳಿ.”

ಮಹಾ ಸಮಾಧಾನವಾಯಿತು. ಸ್ವಲ್ಪ ಹೊತ್ತು ಅದನ್ನು ಸವರುತ್ತಾ ಕೂತೆ. ಆಮೇಲೆ ತಡೆಯಲಾಗದೆ, “ಅತ್ತೇ, ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿದ್ದೀರಲ್ಲ?” ಎಂದು ಕೇಳಿದೆ.

“ಜಗ್ಗೂ,” ಅಂದರು ಅತ್ತೆಯವರು, ಗಾಡಿ ಓಡಿಸುತ್ತಿದ್ದ ಮಗನಿಗೆ, “ಇನ್ನು ಇವರು ಎಂತ ಹೇಳಿದ್ರೂ ಗಾಡಿ ತಿರುಗಿಸ್ಬೇಡ ಮಾರಾಯ.”

ಅವನು ತಿರುಗಿಸಲಿಲ್ಲ. ದಾರಿಯುದ್ದಕ್ಕೂ ಅತ್ತೆಯವರು ಹೊತ್ತು ಹೊತ್ತಿಗೆ ಬಿಸಿ ಅನ್ನ, ತಂಬುಳಿ ಮಾಡಿ ಉಂಡರು, ನಮಗೂ ಬಡಿಸಿದರು. ಕುಂದಾಪುರದಲ್ಲಿ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದ ಚಿಕ್ಕಮ್ಮ ಅಕ್ಕನನ್ನು ತಬ್ಬಿಕೊಂಡು ಗಳಗಳ ಅತ್ತರು. ಅತ್ತೆಯವರೂ ಅತ್ತರು. ಅಳು ಮುಗಿದ ಮೇಲೆ ಚಿಕ್ಕಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, “ಬನ್ನಿ ಬನ್ನಿ. ಈ ಸಲ ಗ್ಯಾಸ್ ಬಂದ್ ಮಾಡಿ ಬಂದಿದ್ದೀರಲ್ಲ?” ಎಂದು ಕೇಳಿದರು.

ನಾನು ಜೇಬಿನಿಂದ ರೆಗ್ಯುಲೇಟರ್ ತೆಗೆದು ತೋರಿಸಿದೆ.