ನಾಲ್ಕು ಹಲ್ಲಿನ ಗುರುತು

ಮಕ್ಕಳ ಗ್ರಂಥಾಲಯದ ನಿಯಮಾವಳಿಯ ಪ್ರಕಾರ, ಎರವಲು ಪಡೆದ ಪುಸ್ತಕವನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು. ಅಲ್ಲಿನ ಪುಸ್ತಕಗಳು ಯಾರೂ ತೆರೆಯದ ಸ್ಥಿತಿಯಲ್ಲಿದ್ದುದರಿಂದ, ತೆರೆಯದೆ ಹಿಂದಿರುಗಿಸುವುದೇ ಉತ್ತಮ ಸದಸ್ಯರ ಲಕ್ಷಣವೆಂದು ಪರಿಗಣಿಸಲಾಗಿತ್ತು. ಹನ್ನೊಂದು ವರ್ಷಗಳಿಂದ ಈ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಇಬ್ಬರು ಮಕ್ಕಳ ತಾಯಿಯೊಬ್ಬಳು ಮಾತ್ರ ಓದುತ್ತಿದ್ದಳು. ಮದುವೆಗೆ ಮುಂಚಿನ ಅಭ್ಯಾಸ, ಬಿಡಿಸಲು ಯಾರಿಂದಲೂ ಆಗಿರಲಿಲ್ಲ. ಒಲೆಯ ಮುಂದೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ. ಹಾಲು ಉಕ್ಕಿದ್ದು ಪುಟ ಮುಗಿದ ಮೇಲೆಯೇ ಗೊತ್ತಾಗುತ್ತಿತ್ತು. ಸಂಜೆ ಅಡುಗೆಮನೆಯ ನೆಲದ ಮೇಲೆ ಕೂತು, ಆರು ವರ್ಷದ ಮಗಳನ್ನು ಪಕ್ಕಕ್ಕೆ ಒರಗಿಸಿಕೊಂಡು, ಹತ್ತು ತಿಂಗಳ ಮಗನನ್ನು ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಆ ವಾರದ್ದು ಟಿಕೆಟ್ಟಿಲ್ಲದೆ ಹಡಗು ಹತ್ತಿದ ಕತ್ತೆಯ ಕಥೆ. ಮೂವತ್ತೆರಡನೇ ಪುಟದಲ್ಲಿ, ಕತ್ತೆ ಅಡಗಿದ್ದ ಪೀಪಾಯಿಯ ಮುಚ್ಚಳಕ್ಕೆ ಕಪ್ತಾನ ಕೈ ಹಾಕಿದ. ಅದೇ ಗಳಿಗೆಯಲ್ಲಿ ಮಗ ಪುಟದ ಮೂಲೆ ಕಚ್ಚಿದ. ಅವನ ಬಾಯಿಂದ ಕಾಗದ ತೆಗೆದು, ರಂಪ ನಿಲ್ಲಿಸುವಷ್ಟರಲ್ಲಿ ಓದಿನ ಹೊತ್ತು ಮುಗಿದಿತ್ತು. ಉಳಿದದ್ದು ಎಂಟೇ ಪುಟ.

ಮರುದಿನ ಬೆಳಿಗ್ಗೆ ಅವಳು ತಾನಾಗಿ ಹೋಗಿ ವಿಷಯ ತಿಳಿಸಿದಳು. ಪ್ರಾಮಾಣಿಕತೆ ಇನ್ನೊಂದು ಸಂಜೆ ತಡೆದುಕೊಂಡಿದ್ದರೆ ಕಥೆಯಾದರೂ ಮುಗಿಯುತ್ತಿತ್ತು.

ಗ್ರಂಥಪಾಲಕ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಏನಮ್ಮ ಇದು?"

"ಮಗು ಕಚ್ಚಿಬಿಡ್ತು ಸರ್. ಅಂಟಿಸಿ ಕೊಡ್ತೀನಿ. ಇನ್ನೊಂದು ದಿನ ಕೊಟ್ರೆ ಸಾಕು."

"ಕಚ್ಚಿದ್ದು ಆಮೇಲಿನ ಮಾತು. ಮೊದಲು ಪುಸ್ತಕ ಯಾಕೆ ತೆರೆದ್ರಿ?"

"ಓದೋಕೆ."

ಅವನು ಅದನ್ನು ಬರೆದುಕೊಂಡ. ಪುಸ್ತಕಕ್ಕೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಲಾಯಿತು. 'ವಿಚಾರಣೆಯಲ್ಲಿದೆ' ಎಂಬ ಚೀಟಿ ಅಂಟಿಸಲಾಯಿತು. ಸದಸ್ಯತ್ವವನ್ನು ಅಮಾನತಿನಲ್ಲಿಡಲಾಯಿತು.

"ಅಮ್ಮ, ಮುಚ್ಚಳ ತೆಗೆದನಾ?" ಎಂದು ಮಗಳು ದಿನವೂ ಕೇಳತೊಡಗಿದಳು.

"ಇನ್ನೂ ಕೈ ಹಾಕ್ಕೊಂಡೇ ನಿಂತಿದಾನೆ ಪುಟ್ಟಿ."

"ಇಷ್ಟು ದಿನದಿಂದಾನಾ?"

"ಹಡಗು ಸರ್ಕಾರದ್ದು ಅಂತ ಕಾಣುತ್ತೆ."

ಒಂದು ಸಂಜೆ ತಾಯಿ ತಾನೇ ಒಂದು ಕೊನೆ ಕಟ್ಟಿ ಹೇಳಿದಳು. ಮಗಳು ಪೂರ್ತಿ ಕೇಳಿ, "ಇದು ನೀನು ಮಾಡಿದ್ದು. ನಂಗೆ ಪುಸ್ತಕದಲ್ಲಿರೋದು ಬೇಕು" ಎಂದಳು. ಓದುವ ಚಟ ಅಂಟಿಸಿದ ಮೇಲೆ ಇಂಥ ಮಾತುಗಳನ್ನು ಕೇಳಲೇಬೇಕು.

ಎರಡು ತಿಂಗಳಾದ ಮೇಲೆ ಮೂವರ ಸಮಿತಿ ಕೂತಿತು. ಅಧ್ಯಕ್ಷರು ಮಗುವಿನ ಬಾಯಿ ತೆರೆಸಿ, ಅಳತೆಪಟ್ಟಿ ಇಟ್ಟು, ತೀರ್ಮಾನ ಓದಿದರು: "ಪುಟದ ಮೇಲಿನ ಹಲ್ಲಿನ ಗುರುತು, ನಾಲ್ಕು. ಹಾಜರುಪಡಿಸಿದ ಬಾಯಿಯಲ್ಲಿರುವ ಹಲ್ಲು, ಆರು. ಆದಕಾರಣ ಈ ಮಗು ಆ ಮಗುವಲ್ಲ."

"ಆಗ ನಾಲ್ಕೇ ಇತ್ತು ಸರ್. ಮಕ್ಕಳು ಬೆಳೀತಾವಲ್ಲ."

"ಬೆಳೀಲಿ, ಯಾರು ಬೇಡ ಅಂದ್ರು? ವಿಚಾರಣೆ ಮುಗಿಯೋ ತನಕ ತಡೀಬೇಕಿತ್ತು ತಾನೇ?"

ನಾಲ್ಕು ಹಲ್ಲಿನ ಮಗುವನ್ನು ಹದಿನೈದು ದಿನಗಳೊಳಗೆ ಹಾಜರುಪಡಿಸತಕ್ಕದ್ದು, ಅಲ್ಲಿಯವರೆಗೆ ಅಮಾನತು ಮುಂದುವರಿಯತಕ್ಕದ್ದು ಎಂದು ಆದೇಶವಾಯಿತು.

"ಪಕ್ಕದ ಮನೆ ಕೂಸಿಗೆ ನಾಲ್ಕೇ ಇದೆ. ಎತ್ಕೊಂಡು ಹೋಗಿ ತೋರಿಸ್ಕೊಂಡು ಬಾ," ಎಂದರು ಅತ್ತೆ. ಅವರು ವ್ಯವಹಾರ ಬಲ್ಲವರು. ತಾಯಿ ನಾಲ್ಕು ದಿನ ಯೋಚಿಸಿ ಮನಸ್ಸು ಗಟ್ಟಿ ಮಾಡಿಕೊಳ್ಳುವ ಹೊತ್ತಿಗೆ ಆ ಕೂಸಿಗೂ ಐದನೆಯದು ಮೂಡಿತ್ತು.

ಅಷ್ಟರಲ್ಲಿ ಮೇಲಧಿಕಾರಿ ತಪಾಸಣೆಗೆ ಬಂದರು. ನಾಲ್ಕು ಸಾವಿರದ ಇನ್ನೂರು ಪುಸ್ತಕಗಳಲ್ಲಿ ಒಂದರ ಮೂಲೆಯೂ ಮಡಚಿರಲಿಲ್ಲ. "ಮಕ್ಕಳು ಇದನ್ನ ಬಳಸ್ತಾರೆ ಅನ್ನೋದಕ್ಕೆ ಪುರಾವೆ ಏನ್ರೀ? ಇಲ್ದಿದ್ರೆ ಬಾಗಿಲು ಹಾಕಿಸ್ತೀನಿ," ಎಂದರು. ಗ್ರಂಥಪಾಲಕ ಬೆವರು ಒರೆಸಿಕೊಂಡು ಅರಗಿನ ಮುದ್ರೆ ಒಡೆದ. ಅಧಿಕಾರಿ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿ ನೋಡಿದರು. ಗ್ರಂಥಾಲಯ ಉಳಿಯಿತು.

ಪುಸ್ತಕವನ್ನು ಕಚ್ಚಿದ ಪುಟ ಕಾಣುವಂತೆ ತೆರೆದು, ಬಾಗಿಲ ಎದುರೇ ಗಾಜಿನ ಪೆಟ್ಟಿಗೆಯಲ್ಲಿ ಇಡಲಾಯಿತು. ಮೂರು ತಿಂಗಳಿಗೊಮ್ಮೆ ದೂಳು ಒರೆಸುವ ದಿನ ಮಾತ್ರ ಒಂದು ಹಾಳೆ ತಿರುಗಿಸಬಹುದೆಂದು ನಿಯಮವಾಯಿತು. ನೋಡಲು ಸದಸ್ಯತ್ವ ಬೇಕಿರಲಿಲ್ಲ.

ತಾಯಿ ಮಗನನ್ನು ಸೊಂಟದ ಮೇಲಿಟ್ಟುಕೊಂಡು, ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಗಾಜಿನ ಮೇಲಿನಿಂದ ಓದಿದಳು. ಮೂವತ್ತಮೂರನೇ ಪುಟದಲ್ಲಿ ಮುಚ್ಚಳ ಒಂದು ಬೆರಳಷ್ಟು ತೆರೆದಿತ್ತು. ಮುಂದಿನ ದೂಳಿನ ದಿನ ಕತ್ತೆಯ ಕಿವಿ ಕಂಡಿತು. ಅದರ ಮುಂದಿನದಕ್ಕೆ ಬೇರೆ ತಾಯಂದಿರೂ ಮಕ್ಕಳನ್ನು ಎತ್ತಿಕೊಂಡು ಬಂದು ಸಾಲು ನಿಂತರು. ತಡವಾಗಿ ಬಂದವರಿಗೆ ಹಿಂದಿನ ಪುಟಗಳನ್ನು ಮಗಳು ಬಾಯಿಪಾಠ ಒಪ್ಪಿಸುತ್ತಿದ್ದಳು. ಒಂದು ವರ್ಷಕ್ಕೆ ನಲವತ್ತನೇ ಪುಟ ಬಂತು. ಕಪ್ತಾನ ಕತ್ತೆಯನ್ನೇ ಟಿಕೆಟ್ ತಪಾಸಣೆಗೆ ನೇಮಿಸಿದ್ದ. ಮುಂದಿನ ಕಥೆ ಎರಡನೇ ಭಾಗದಲ್ಲಿತ್ತು.

ವಾರ್ಷಿಕ ವರದಿಯಲ್ಲಿ ಓದುಗರ ಸಂಖ್ಯೆ ಆರುನೂರ ಹನ್ನೊಂದು ಎಂದು ದಾಖಲಾಯಿತು. ಪುಸ್ತಕಗಳ ಸಂಖ್ಯೆ, ಒಂದು. ಸಾಧನೆ ಮೆಚ್ಚಿದ ಮೇಲಧಿಕಾರಿಗಳು ಕಚ್ಚಿದ ಪುಸ್ತಕಗಳ ಸಂಗ್ರಹವನ್ನು ದುಪ್ಪಟ್ಟುಗೊಳಿಸುವಂತೆ ಸುತ್ತೋಲೆ ಹೊರಡಿಸಿದರು. ಮಗನನ್ನು ಹಲ್ಲುಗಳ ಸಮೇತ ಕರೆತರಬೇಕೆಂದು ತಾಯಿಗೆ ಪತ್ರ ಬಂತು. ಅಮಾನತು ಮಾತ್ರ ಹಾಗೇ ಇತ್ತು. ನಾಲ್ಕು ಹಲ್ಲಿನ ಮಗು ಇನ್ನೂ ಸಿಕ್ಕಿರಲಿಲ್ಲ.

"ಯಾವುದು ಕೊಡೋಣಮ್ಮ?" ಎಂದು ಗ್ರಂಥಪಾಲಕ ವಿನಯದಿಂದ ಕೇಳಿದ.

"ಎರಡನೇ ಭಾಗ," ಎಂದಳು ಮಗಳು.

"ಯಾವ ಪುಟ?"

"ಮೊದಲನೇದೇ ಆಗಲಿ ಸರ್," ಎಂದಳು ತಾಯಿ. "ಶುರುವಿನಿಂದ ಓದಬೇಕಲ್ಲ."

ಮಗಳು ಬೆರಳು ಮಡಚಿ ಲೆಕ್ಕ ಹಾಕಿದಳು. ನಲವತ್ತು ಪುಟ, ಐದು ವರ್ಷ. "ಮುಗಿಯೋ ಹೊತ್ತಿಗೆ ನಂಗೆ ಹನ್ನೆರಡಾಗುತ್ತೆ," ಎಂದಳು. ಸ್ವಲ್ಪ ಯೋಚಿಸಿ, "ಪರವಾಗಿಲ್ಲ," ಎಂದಳು.

ಗ್ರಂಥಪಾಲಕ ಹೊಸ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಹದಿನಾರು ಹಲ್ಲಿನ ಹುಡುಗನನ್ನು ಅನುಮಾನದಿಂದ ನೋಡಿದ. "ದೊಡ್ಡವನಾಗಿಬಿಟ್ಟಿದಾನೆ. ಕಚ್ತಾನಾ?"

"ಬೆಳಿಗ್ಗೆಯಿಂದ ಏನೂ ಕೊಟ್ಟಿಲ್ಲ ಸರ್," ಎಂದಳು ತಾಯಿ.