ಹಳ್ಳ ದಾಟುವ ಗಾಡಿ

ದನದ ಡಾಕ್ಟರು ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಹೃದಯಾಘಾತ.

ನೋಡಲು ಬಂದವರೆಲ್ಲ ಅವರು ಸೌಮ್ಯ ಸ್ವಭಾವದವರು, ಮಾತು ಕಡಿಮೆ ಎಂದು ಹೇಳಿ ಹೋದರು. ದನಗಳ ಮಟ್ಟಿಗೆ ಅದು ನಿಜ. ಮನುಷ್ಯರ ಜೊತೆ, ಅದರಲ್ಲೂ ನಾನು ಅತ್ತಿಗೆ ಎಂದು ಕರೆಯುವ ಅವರ ಹೆಂಡತಿಯ ಜೊತೆ, ಅವರು ಸೌಮ್ಯವಾಗಿದ್ದದ್ದನ್ನು ನಾನು ಕಂಡವನಲ್ಲ. ಸುಮ್ಮನಿದ್ದ ಡಾಕ್ಟರನ್ನು ಮೊದಲ ಸಲ ನೋಡಿದ್ದು ಮಂಗಳವಾರವೇ. ಅದು ನನಗೆ ಸರಿಬರಲಿಲ್ಲ. ಹಾಗಾಗಿ ಅವರು ಗಾಡಿ ಕೊಳ್ಳಲು ಹೋದ ದಿನದ ಮಾತುಗಳನ್ನು ನೆನಪಿದ್ದಷ್ಟು ಬರೆಯುತ್ತಿದ್ದೇನೆ.

ಹಳ್ಳದಾಚೆ ಚದುರಿಕೊಂಡಿರುವ ಮನೆಗಳ ದನಗಳಿಗೆಲ್ಲ ಇವರೊಬ್ಬರೇ ಡಾಕ್ಟರು. ಅಲ್ಲಿ ರಸ್ತೆ ಎಂದರೆ ಕಲ್ಲು, ಕೆಸರು, ಮತ್ತೆ ಕಲ್ಲು. ಕಳೆದ ಮಳೆಗಾಲದಲ್ಲಿ ಅವರ ಹಳೆಯ ಗಾಡಿ ಹಳ್ಳದ ನಡುವೆ ನಿಂತುಬಿಟ್ಟಿತು. ಅದನ್ನು ದಡಕ್ಕೆ ನೂಕುವಾಗ ಡಾಕ್ಟರ ಎದೆಯೂ ಹಿಡಿದುಕೊಂಡಿತು. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಹೃದಯದ ಡಾಕ್ಟರು ಹೇಳಿದ್ದರು. ಈ ವಿಷಯವನ್ನು ನಮ್ಮ ಡಾಕ್ಟರು ಗಾಡಿ ಮಾರುವ ಅಂಗಡಿಯ ಬಾಗಿಲಲ್ಲಿ ನನ್ನ ಕಿವಿಯಲ್ಲಿ ಹೇಳಿ, "ಮೇಷ್ಟ್ರೇ, ಇವಳಿಗೆ ಗೊತ್ತಾದ್ರೆ ಗಾಡೀನೂ ಇಲ್ಲ, ಆಚೆ ದನಗಳಿಗೆ ಡಾಕ್ಟ್ರೂ ಇಲ್ಲ. ಬಾಯಿ ಬಿಡಬೇಡಿ" ಎಂದರು. ಬಾಯಿ ಬಿಡಲು ನನಗೆ ಅವಕಾಶವೇ ಸಿಗಲಿಲ್ಲ. ಅವರ ಹಿಂದೆ ನಾನು ಒಳಗೆ ಕಾಲಿಡುವಷ್ಟರಲ್ಲಿ ಗಂಡ ಹೆಂಡತಿ ಜಗಳ ಅರ್ಧ ದಾರಿಗೆ ಬಂದಿತ್ತು.

ಹೊಸದು, ಹಳೆಯದು ಎರಡನ್ನೂ ಮಾರುವ ಅಂಗಡಿ. ಗಾಜಿನ ಗೋಡೆ, ಮುಖ ಕಾಣುವಂಥ ನೆಲ. ಆ ನೆಲದ ಮೇಲೆ ಬಾಗಿಲಿನಿಂದ ಹಸಿರು ಗಾಡಿಯವರೆಗೆ ಡಾಕ್ಟರ ಬೂಟಿನ ಕೆಸರು.

ಅತ್ತಿಗೆ: ಬೇಡ ಅಂದ್ರೆ ಬೇಡ. ಇದು ಗಾಡಿ ಅಲ್ಲ, ತಗಡಿನ ಬೀರು.

ಡಾಕ್ಟರು: ಬೀರು ಆದ್ರೇನೀಗ? ನಾಲ್ಕೂ ಚಕ್ರ ಎಳೆಯುತ್ತೆ.

ಸೇಲ್ಸ್‌ನವನು: ಸರ್, ಬಳಕೆ ಯಾವುದಕ್ಕೆ ಅಂತ ಹೇಳಿದ್ರೆ ತೋರಿಸೋಕೆ ಅನುಕೂಲ. ಪ್ರವಾಸಕ್ಕಾ, ಫ್ಯಾಮಿಲಿಗಾ?

ಡಾಕ್ಟರು: ಎರಡು ಕರು, ಒಂದು ಕುರಿ, ಔಷಧಿ ಪೆಟ್ಟಿಗೆ, ಹಗ್ಗ, ಇವಳು.

ಅತ್ತಿಗೆ: ಕೇಳಿಸ್ಕೊಂಡ್ರಾ ಮೇಷ್ಟ್ರೇ? ಹಗ್ಗ ಆದ್ಮೇಲೆ ನಾನು.

ಡಾಕ್ಟರು: ಹಗ್ಗ ಮರೆತ್ರೆ ಅದು ಫೋನ್ ಮಾಡಲ್ಲ. ನೀನು ಮಾಡ್ತೀಯ.

ಸೇಲ್ಸ್‌ನವನು ಜಾಣ. ಮಾತು ಬದಲಿಸಲು ಪಕ್ಕದ ಬಿಳಿ ಗಾಡಿಯ ಬಾಗಿಲು ತೆರೆದ.

ಸೇಲ್ಸ್‌ನವನು: ಇದನ್ನ ನೋಡಿ ಸರ್. ಇದೂ ಫೋರ್ ವ್ಹೀಲ್ ಡ್ರೈವೇ. ಮೇಲೆ ಗಾಜು ತೆರೆಯುತ್ತೆ, ಕೂತಲ್ಲೇ ಆಕಾಶ ನೋಡಬಹುದು.

ಡಾಕ್ಟರು: ನಮ್ಮ ದಾರೀಲಿ ಆಕಾಶ ನೋಡ್ಕೊಂಡು ಹೋದವರು ಹಳ್ಳದಲ್ಲಿ ಕಣ್ಣು ಬಿಡ್ತಾರೆ.

ಸೇಲ್ಸ್‌ನವನು: ಒಳಗೆ ಪೂರ್ತಿ ಕಾರ್ಪೆಟ್, ಸರ್.

ಡಾಕ್ಟರು: ಕರು ಸಗಣಿ ಹಾಕಿದ್ರೆ?

ಸೇಲ್ಸ್‌ನವನು: ಕರು... ಒಳಗೇನಾ ಸರ್ ಇರೋದು?

ಡಾಕ್ಟರು: ಮತ್ತೆ ನಿಮ್ಮ ಗಾಜಿಂದ ತಲೆ ಹೊರಗೆ ಹಾಕ್ಕೊಂಡು ಆಕಾಶ ನೋಡುತ್ತಾ?

ಡಾಕ್ಟರು ಯಾವ ದನವನ್ನೂ ಎದುರಿನಿಂದ ಹೋಗಿ ಮುಟ್ಟಿದವರಲ್ಲ. ಪಕ್ಕದಿಂದ ಬಂದು, ಬೆನ್ನ ಮೇಲೆ ಕೈಯಿಟ್ಟು, ಎರಡು ಮಾತಾಡಿ ಆಮೇಲೆ ಪರೀಕ್ಷೆ. ಹಸಿರು ಗಾಡಿಯ ಬಳಿಗೂ ಹಾಗೆಯೇ ಬಂದು ಸವರಿದರು. ಮಂಡಿಯೂರಿ ಹೊಟ್ಟೆಯ ಕೆಳಗೆ ಕೈಯಾಡಿಸಿದರು. ಸ್ಟಾರ್ಟ್ ಮಾಡಲು ಹೇಳಿ, ಜೇಬಿನಿಂದ ಸ್ಟೆತಾಸ್ಕೋಪ್ ತೆಗೆದು ಬಾನೆಟ್ಟಿನ ಮೇಲಿಟ್ಟರು.

ಸೇಲ್ಸ್‌ನವನು: ಸರ್, ಇಂಜಿನ್ ನಮ್ಮ ಮೆಕ್ಯಾನಿಕ್ ನೋಡಿದ್ದಾರೆ.

ಡಾಕ್ಟರು: ಸ್ವಲ್ಪ ಸುಮ್ನಿರಪ್ಪ. ಹೊಟ್ಟೆ ಎತ್ತರದಲ್ಲಿದೆ, ಕಲ್ಲು ತಾಗಲ್ಲ. ಉಸಿರು ಎಳೆಯೋ ಬಾಯೀನೂ ಮೇಲಿದೆ, ಹಳ್ಳದ ನೀರು ಕುಡಿಯಲ್ಲ. ಎದೆ ಮಾತ್ರ ಒಂದು ಚೂರು ಗೊರಗೊರ ಅಂತಿದೆ.

ಅತ್ತಿಗೆ: ಎದೆ ಸರಿಯಿಲ್ಲದವರನ್ನ ಕೆಸರಿಗೆ ಕಳಿಸಬಹುದಾ ಡಾಕ್ಟ್ರೇ?

ಡಾಕ್ಟರು ನನ್ನತ್ತ ನೋಡಿದರು. ನಾನು ಟೈರಿನ ಹಲ್ಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಡಾಕ್ಟರು: ಗಾಡಿ ವಿಷಯ ಮಾತಾಡು.

ಅತ್ತಿಗೆ: ನಾನು ಇನ್ಯಾರ ವಿಷಯ ಮಾತಾಡಿದೆ?

ಹಾಗೆಂದವರು ಸೆರಗು ಸಿಕ್ಕಿಸಿಕೊಂಡು ಹಸಿರು ಗಾಡಿಯನ್ನು ಹತ್ತಿ ಕುಳಿತರು.

ಅತ್ತಿಗೆ: ಇಲ್ಲಿಂದ ಬಾನೆಟ್ ತುದಿ ಕಾಣಲ್ಲ.

ಡಾಕ್ಟರು: ನಿನಗ್ಯಾಕೆ ಕಾಣಬೇಕು?

ಅತ್ತಿಗೆ: ಹಿಂದೆ ನೋಡಿದ್ರೆ ಸ್ಪೇರ್ ಚಕ್ರ ಬಿಟ್ಟು ಬೇರೇನೂ ಕಾಣಲ್ಲ.

ಡಾಕ್ಟರು: ಆ ರಸ್ತೇಲಿ ನಮ್ಮ ಹಿಂದೆ ಯಾರಿರ್ತಾರೆ?

ಅತ್ತಿಗೆ: ನಾಲ್ಕೂ ಚಕ್ರಕ್ಕೆ ಹಾಕೋ ಈ ಲಿವರ್ ನೋಡಿ, ಎರಡು ಕೈಲಿ ಎಳೆದ್ರೂ ಬರ್ತಿಲ್ಲ.

ಡಾಕ್ಟರು: ನೀನ್ಯಾಕೆ ಎಳೀತೀಯ ಅದನ್ನ? ಮೇಷ್ಟ್ರೇ, ನನಗೆ ಅರ್ಥ ಆಯ್ತು. ಇವಳಿಗೆ ಗಾಡೀನೇ ಬೇಡ. ಅದಕ್ಕೇ ಒಂದೊಂದು ಕುಂಟು ನೆಪ. ಆಚೆ ಯಾವುದೋ ಹಸು ಕರು ಹಾಕೋಕಾಗದೆ ಒದ್ದಾಡ್ತಿರಬೇಕು, ನಾನು ಮನೇಲಿ ಕಾಲು ಚಾಚ್ಕೊಂಡು ಟಿವಿ ನೋಡ್ತಿರಬೇಕು.

ನಾನು: ಅತ್ತಿಗೆ ಹಾಗೆ ಹೇಳ್ಲಿಲ್ಲ.

ಡಾಕ್ಟರು: ನಿಮ್ಮನ್ನ ಕರ್ಕೊಂಡು ಬಂದದ್ದು ನನ್ನ ಕಡೆ ಮಾತಾಡೋಕೆ.

ಅತ್ತಿಗೆ: ನಾನು ಅವರಿಗೆ ಬನ್ನಿ ಅಂದದ್ದೂ ಅದಕ್ಕೇ.

ಅವರು ಇಳಿದು ನೇರವಾಗಿ ಬಿಳಿ ಗಾಡಿಯ ಕಡೆ ನಡೆದರು.

ಅತ್ತಿಗೆ: ಇದರಲ್ಲಿ ಲಿವರ್ ಎಲ್ಲಿ?

ಸೇಲ್ಸ್‌ನವನು: ಲಿವರ್ ಇಲ್ಲ ಮೇಡಂ. ಈ ಗುಂಡಿ ತಿರುಗಿಸಿದ್ರೆ ಸಾಕು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತೆ.

ಅತ್ತಿಗೆ: ಹೊಟ್ಟೆ ಎತ್ತರ?

ಸೇಲ್ಸ್‌ನವನು: ಹಸಿರು ಗಾಡಿಯಷ್ಟೇ ಇದೆ ಮೇಡಂ.

ಅತ್ತಿಗೆ: ಉಸಿರು?

ಸೇಲ್ಸ್‌ನವನು: ಮೇಲಿಂದಾನೇ ಎಳ್ಕೊಳ್ಳುತ್ತೆ.

ಅತ್ತಿಗೆ: ಕಾರ್ಪೆಟ್ ಕಿತ್ತು ರಬ್ಬರ್ ಹಾಸಿ ಕೊಡ್ತೀರಾ? ನೀರು ಹೊಯ್ದು ತೊಳೆಯೋ ಹಾಗೆ?

ಸೇಲ್ಸ್‌ನವನು: ಹಾಸಿಕೊಡೋಣ ಮೇಡಂ. ಒಂದು ಸುತ್ತು ಓಡಿಸಿ ನೋಡ್ತೀರಾ ಸರ್?

ಅವನು ಕೀಲಿಯನ್ನು ಡಾಕ್ಟರ ಕಡೆ ಚಾಚಿದ. ಅತ್ತಿಗೆ ನಡುವೆ ಕೈಯೊಡ್ಡಿ ತೆಗೆದುಕೊಂಡರು.

ಡಾಕ್ಟರು: ನಿನಗ್ಯಾಕೆ ಕೀ?

ಅತ್ತಿಗೆ: ಓಡಿಸೋಕೆ.

ಡಾಕ್ಟರು: ಇದೇನು ಹೊಲಿಗೆ ಮಿಷನ್ ಅಂದ್ಕೊಂಡ್ಯಾ? ಅದೂ ಬರಲ್ಲ ನಿನಗೆ. ಮೂರು ತಿಂಗಳಿಂದ ಹೊಲಿಗೆ ಕ್ಲಾಸ್‌ಗೆ ಹೋಗ್ತಿದ್ದೀಯ, ಒಂದು ದಿಂಬಿನ ಕವರ್ ಕಂಡಿಲ್ಲ ನಾನು.

ಅತ್ತಿಗೆ: ಎಲ್ಲಿಂದ ಕಾಣ್ತೀರಿ? ಅಲ್ಲಿ ಹೊಲಿಗೆ ಹೇಳ್ಕೊಡಲ್ಲ. ಡ್ರೈವಿಂಗ್ ಹೇಳ್ಕೊಡ್ತಾರೆ.

ಪರ್ಸಿನಿಂದ ಲೈಸೆನ್ಸ್ ಬಂತು. ಡಾಕ್ಟರು ಅದನ್ನು ಮುಂದೆ ನೋಡಿದರು, ಹಿಂದೆ ನೋಡಿದರು, ಬೆಳಕಿಗೆ ಹಿಡಿದೂ ನೋಡಿದರು.

ಡಾಕ್ಟರು: ಯಾರನ್ನ ಕೇಳಿ ಕಲಿತೆ?

ಅತ್ತಿಗೆ: ನಿಮ್ಮ ಹೃದಯದ ಡಾಕ್ಟ್ರನ್ನ.

ಡಾಕ್ಟರು ನಿಧಾನವಾಗಿ ನನ್ನ ಕಡೆ ತಿರುಗಿದರು.

ನಾನು: ನಾನಲ್ಲಪ್ಪ.

ಅತ್ತಿಗೆ: ಪಾಪ, ಮೇಷ್ಟ್ರ ಮೇಲೆ ಯಾಕ್ರೀ ಕಣ್ಣು? ಆ ಡಾಕ್ಟ್ರು ಆವತ್ತೇ ನನಗೆ ಫೋನ್ ಮಾಡಿ ಹೇಳಿದ್ರು.

ಡಾಕ್ಟರು: ಕಾಯಿಲೆ ನಂದು. ನಿನಗ್ಯಾಕೆ ಹೇಳ್ತಾರೆ?

ಅತ್ತಿಗೆ: ನೀವು ದನದ ಕಾಯಿಲೆ ದನಕ್ಕೆ ಹೇಳ್ತೀರಾ? ಸಾಕಿದವರಿಗೆ ತಾನೇ ಹೇಳೋದು?

ಸೇಲ್ಸ್‌ನವನು ಕಾರ್ಪೆಟ್ ಅಳೆಯುವ ನೆಪದಲ್ಲಿ ಗಾಡಿಯೊಳಗೆ ಮುಖ ಮರೆಸಿಕೊಂಡ.

ಅಂಗಡಿಯ ಹಿಂದೆ ಗಾಡಿ ಪರೀಕ್ಷಿಸಲೆಂದೇ ಬಿಟ್ಟ ಜಾಗ: ಉಬ್ಬು, ತಗ್ಗು, ಕೆಸರು ತುಂಬಿದ ಹೊಂಡ. ಅತ್ತಿಗೆಯ ಪಕ್ಕದಲ್ಲಿ ಸೇಲ್ಸ್‌ನವನು, ಹಿಂದೆ ನಾವಿಬ್ಬರು.

ಡಾಕ್ಟರು: ಕಲ್ಲು. ಕಲ್ಲು ಬಂತು.

ಅತ್ತಿಗೆ: ಕಂಡಿದೆ. ಬಾನೆಟ್ ತುದೀನೂ ಕಾಣ್ತಿದೆ.

ಡಾಕ್ಟರು: ಆ ಗುಂಡಿ ತಿರುಗಿಸು.

ಅತ್ತಿಗೆ: ತಿರುಗಿಸಿ ಆಯ್ತು.

ಡಾಕ್ಟರು: ಮೇಷ್ಟ್ರೇ, ಇವಳು ತಿರುಗಿಸಿದ್ದನ್ನ ನೀವು ನೋಡಿದ್ರಾ?

ನಾನು: ನಾನು ಕಣ್ಣು ಮುಚ್ಕೊಂಡಿದ್ದೆ.

ಗಾಡಿ ಕೆಸರಿಗಿಳಿದು, ಒಮ್ಮೆ ಮುಗ್ಗರಿಸಿ, ನಾಲ್ಕೂ ಚಕ್ರ ಊರಿ ಆಚೆ ಹತ್ತಿತು. ಅತ್ತಿಗೆ ನಿಲ್ಲಿಸಿ ಹಿಂದೆ ತಿರುಗಿದರು.

ಅತ್ತಿಗೆ: ಈಗೇನಂತೀರಿ?

ಡಾಕ್ಟರು: ಗಾಡಿ ಪರವಾಗಿಲ್ಲ.

ಬಿಳಿ ಗಾಡಿ ಮನೆಗೆ ಬಂತು. ಹಳ್ಳದಾಚೆಯ ಜನ "ಡಾಕ್ಟ್ರು ಬಂದ್ರು" ಎನ್ನುವುದನ್ನು ಬಿಟ್ಟು "ಅಮ್ಮ ಡಾಕ್ಟ್ರನ್ನ ಕರ್ಕೊಂಡು ಬಂದ್ರು" ಎನ್ನತೊಡಗಿದರು. ಇದು ಡಾಕ್ಟರಿಗೆ ಹಿಡಿಸಲಿಲ್ಲ. ಹೊರಡುವಾಗಲೆಲ್ಲ ತಾವೇ ಮೊದಲು ಹೋಗಿ ಡ್ರೈವರ್ ಸೀಟಿನಲ್ಲಿ ಕೂತುಬಿಡುತ್ತಿದ್ದರು. ಅತ್ತಿಗೆ ಬಾಗಿಲು ತೆಗೆದು ನಿಲ್ಲುತ್ತಿದ್ದರು.

— ಇಳೀರಿ.

— ಟಾರು ರಸ್ತೆ ಮುಗಿಯೋವರೆಗೆ.

— ಇಳೀರಿ ಅಂದೆ.

— ಹೋಗ್ಲಿ, ಗೇಟಿನವರೆಗೆ.

ಇಳಿಯುವ ಮೊದಲು ಸೀಟನ್ನು ತಮ್ಮ ಉದ್ದ ಕಾಲಿಗೆ ಸರಿಯಾಗಿ ಪೂರ್ತಿ ಹಿಂದಕ್ಕೆ ತಳ್ಳಿಟ್ಟು ಇಳಿಯುತ್ತಿದ್ದರು. ಅದೊಂದು ಹಟ. ಅತ್ತಿಗೆ ಬೈದುಕೊಂಡು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಮಂಗಳವಾರ ಹಳ್ಳದಾಚೆಯಿಂದ ಫೋನ್ ಬಂತು, ಹಸುವಿಗೆ ಕರು ಅಡ್ಡ ಬಂದಿದೆ ಎಂದು. ಎಂದಿನಂತೆ ಡಾಕ್ಟರೇ ಮೊದಲು ಹೊರಗೆ ಹೋದರು. ಅತ್ತಿಗೆ ಬಾಗಿಲು ಹಾಕಿ ಹೋಗಿ ನೋಡಿದರೆ ಅವರು ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಒರಗಿದ್ದರು. ಸಿಟ್ಟಿನಿಂದ ನಿದ್ದೆಯ ನಟನೆ ಮಾಡುತ್ತಿದ್ದಾರೆ ಎಂದುಕೊಂಡು ಅತ್ತಿಗೆ ಹತ್ತಿ ಕುಳಿತರು. ಎಂದಿನಂತೆ ಸೀಟನ್ನು ಎಳೆದುಕೊಳ್ಳಲು ಕೈ ಹಾಕಿದರು. ಎಳೆಯಬೇಕಾಗಿರಲಿಲ್ಲ. ಡಾಕ್ಟರು ಅದನ್ನು ಅತ್ತಿಗೆಯ ಕಾಲಿಗೆ ಎಟಕುವಷ್ಟು ಮುಂದಕ್ಕೆ ಸರಿಸಿ, ಕನ್ನಡಿಯನ್ನೂ ಅವರ ಎತ್ತರಕ್ಕೆ ತಗ್ಗಿಸಿಟ್ಟಿದ್ದರು.