ಊರವರು ಕಾವಲು ಕಾದ ಹೊಟ್ಟೆ

ನೊಣವಿನಕೆರೆ ಕಡೆಯ ಆ ಊರಿನಲ್ಲಿ ಬೇಸಿಗೆಗೆ ಕೊಳವೆಬಾವಿ ಬತ್ತಿ, ಜನ ಕೆರೆನೀರು ಕುಡಿದು, ಅರ್ಧ ಊರು ಚೊಂಬು ಹಿಡಿದು ಬೇಲಿ ಕಡೆ ಓಡಿತು. ಆಮೇಲೆ ನೀರು ಸಮಿತಿಯ ಜ್ಞಾನೇಶ ಯಾವುದೋ ಕಂಪನಿಯವರ ಕೈಕಾಲು ಹಿಡಿದು ಪುಕ್ಕಟೆಯಾಗಿ ಒಂದು ಯಂತ್ರ ಹಾಕಿಸಿದ. ಕೆರೆನೀರಿನ ಕೆಸರು ಸೋಸಿ, ಸ್ಟೀಲ್ ಕೊಳವೆಯೊಳಗಿನ ನೇರಳಾತೀತ ದೀಪದ ಪಕ್ಕ ಹಾಯಿಸಿದರೆ ಆ ಬೆಳಕಿಗೆ ರೋಗಾಣುಗಳು ಸಾಯುತ್ತವೆ. ಇಷ್ಟನ್ನು ಊರಿಗೆ ಬಿಡಿಸಿ ಹೇಳಿದ್ದೇ ಅವನು ಮಾಡಿದ ತಪ್ಪು.

"ಬೆಳಕಿಗೆ ಕ್ರಿಮಿ ಸಾಯ್ತಾವೇನ್ಲಾ?" ಎಂದರು ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯ. "ನಮ್ಮ ಅಟ್ಟದಾಗೆ ವರ್ಷವೆಲ್ಲಾ ಬಲ್ಬು ಉರೀತದೆ. ಒಂದು ಇಲೀನೂ ಸತ್ತಿಲ್ಲ."

ಊರು ತಲೆದೂಗಿತು. ಯೋಚನೆ ಮಾಡುವ ಕಷ್ಟ ತಪ್ಪಿಸಿಕೊಳ್ಳಲು ಆ ಊರಿನವರು ರೂಢಿಸಿಕೊಂಡಿದ್ದ ಪದ್ಧತಿಯೇ ಅದು.

"ಆ ದೀಪದ ನೀರು ಕುಡಿದ್ರೆ ಕರುಳು ಕಪ್ಪಾಯ್ತದಂತೆ ಕಣ್ರೀ, ನನ್ನ ಮೊಬೈಲಿಗೇ ಬಂದೈತೆ" ಎಂದು ಅವರ ಹೆಂಡತಿ ಸುವರ್ಣಮ್ಮ ಒಗ್ಗರಣೆ ಹಾಕಿದರು.

ಯಾರೂ ಕುಡಿಯದಿದ್ದರೆ ಯಂತ್ರವನ್ನು ದಬ್ಬೇಘಟ್ಟಕ್ಕೆ ಸಾಗಿಸುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಜ್ಞಾನೇಶನ ಮಗಳು ಲಿಖಿತಾ ಹಿಂದಿನ ತಿಂಗಳಷ್ಟೇ ವಾಂತಿಭೇದಿಯಾಗಿ ತಿಪಟೂರಿನ ಆಸ್ಪತ್ರೆಯಲ್ಲಿ ಬಾಡಿದ ಬಾಳೆಎಲೆಯಂತೆ ಮಲಗಿದ್ದಳು. ಅದು ನೆನಪಾಗಿ ಅವನ ಬಾಯಿಂದ ಮಾತು ಜಾರಿತು.

"ನಾನೇ ಕುಡೀತೀನಿ ದೊಡ್ಡಪ್ಪ!"

"ಕುಡಿ. ಸಂಜೆಗಂಟ ನಿನ್ನ ಹೊಟ್ಟೆ ಕೆಡದಿದ್ರೆ ಊರೆಲ್ಲಾ ಕುಡೀತದೆ" ಎಂದರು ಶಂಭುಲಿಂಗಯ್ಯ.

ಮರುದಿನ ಬೆಳಿಗ್ಗೆ ಎಲ್ಲರೆದುರಿಗೆ ಯಂತ್ರದ ನಲ್ಲಿ ತಿರುಗಿಸಿ ಜ್ಞಾನೇಶ ಒಂದು ಚೊಂಬು ನೀರು ಗಟಗಟ ಕುಡಿದ. ಆ ಕ್ಷಣದಿಂದ ಅವನ ಹೊಟ್ಟೆ ಪಂಚಾಯ್ತಿ ಆಸ್ತಿಯಾಯಿತು. ಕಟ್ಟೆಯ ಮೇಲೆ ಕೂರಿಸಿ ಸುತ್ತ ಜನ ಕೂತರು. ಅವನು ತೇಗಿದರೆ "ಶುರುವಾಯ್ತು!" ಎಂದು ಗಂಡಸರು ಎದ್ದು ನಿಂತರು. ಪಕ್ಕದ ಮನೆಯ ಮಾಯಣ್ಣ, ಕಾಯಿ ಕುಲುಕಿ ನೀರು ನೋಡುವವನಂತೆ ಅವನ ಭುಜ ಹಿಡಿದು ಅಲ್ಲಾಡಿಸಿ, ಹೊಟ್ಟೆಗೆ ಕಿವಿ ಇಟ್ಟ.

"ಗುಳುಗುಳು ಅಂತೈತೆ ಕಣ್ರಪ್ಪ."

"ನೀರು ಕುಡಿದಿದೀನಿ ಕಣಣ್ಣ, ಗುಳುಗುಳು ಅನ್ನದೆ ಭಜನೆ ಮಾಡ್ತದಾ?"

ಮೂತ್ರಕ್ಕೆಂದು ಎದ್ದರೆ ಹಿಂದೆ ದಿಬ್ಬಣವೇ ಹೊರಟಿತು. ಮನೆಯಿಂದ ಹೆಂಡತಿ ಮುದ್ದೆ ಕಳಿಸಿದಳು. ಸುವರ್ಣಮ್ಮ ತಟ್ಟೆಯನ್ನು ಅರ್ಧ ದಾರಿಯಲ್ಲೇ ತಡೆದು ವಾಪಸ್ಸು ಕಳಿಸಿದರು.

"ಉಂಡ ಮೇಲೆ ಕೆಟ್ರೆ ಮುದ್ದೆ ಮೇಲೆ ತಪ್ಪು ಹೊರಿಸ್ತೀಯ. ಹಸಿವಾದ್ರೆ ಆ ನೀರೇ ಕುಡಿ!"

ಕುಡಿದ. ಮಧ್ಯಾಹ್ನ ಒಂದು ಚೊಂಬು, ಬಿಸಿಲಿಳಿದ ಮೇಲೆ ಇನ್ನೊಂದು.

ಸಂಜೆಯಾಯಿತು. ಹೊಟ್ಟೆ ತಣ್ಣಗಿತ್ತು. ಮಾಯಣ್ಣ ಕೊನೆಯ ಸಲ ಕಿವಿ ಇಟ್ಟು, "ಏನೂ ಆಗಿಲ್ಲ ಬುಡ್ರಪ್ಪ" ಎಂದ. ಹೆಂಗಸರು ಕೊಡ ತಂದು ನಲ್ಲಿಯ ಮುಂದೆ ಸಾಲು ನಿಂತರು. ಜ್ಞಾನೇಶನ ಕಣ್ಣಲ್ಲಿ ನೀರಾಡಿತು. ಶಂಭುಲಿಂಗಯ್ಯನವರೂ ಸೋತೆ ಅನ್ನಲು ಬಾಯಿ ತೆರೆದಿದ್ದರು.

ಅಷ್ಟರಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಭೀಮರಾಜು ತಲೆ ಕೆರೆದುಕೊಳ್ಳುತ್ತ ಬಂದ. "ಜ್ಞಾನೇಶಣ್ಣ, ತಪ್ಪಾಯ್ತು. ವೈರು ಸಡಿಲಾಗಿತ್ತು. ಬೆಳಗ್ಗಿಂದ ದೀಪ ಹತ್ತೇ ಇರ್ನಿಲ್ಲ. ಈಗ ಹಚ್ಚಿ ಬಂದಿದೀನಿ, ನೀನೇನೂ ಯೋಚ್ನೆ ಮಾಡಬ್ಯಾಡ."

ಮೂರು ಚೊಂಬು ಹಸಿ ಕೆರೆನೀರು! ಜ್ಞಾನೇಶನ ಮುಖ ಬಿಳಿಚಿತು. ಕ್ರಿಮಿಯ ಕೆಲಸವೋ, ಭಯದ್ದೋ, ಹೊಟ್ಟೆ ಆಷಾಢದ ಮೋಡದಂತೆ ಗುಡುಗಿತು. ಪಂಚೆ ಎತ್ತಿಕೊಂಡು ಬೇಲಿ ಹಾರಿದ.

ಬೇಲಿಯಾಚೆ ಕುಳಿತ ಮೇಲೆ ಅವನಿಗೆ ಒಂದು ವಿಷಯ ಹೊಳೆದು, ಆ ನೋವಿನಲ್ಲೂ ಸಂತೋಷವಾಯಿತು. ಅಲ್ಲಿಂದಲೇ ಕೂಗಿದ: "ದೊಡ್ಡಪ್ಪ! ದೀಪ ಇಲ್ಲದ ನೀರು ಕುಡಿದೇ ಕೆಟ್ಟಿದ್ದು! ದೀಪ ಯಾಕೆ ಬೇಕು ಅಂತ ಈಗಲಾದ್ರೂ ಗೊತ್ತಾಯ್ತಾ?"

ಶಂಭುಲಿಂಗಯ್ಯ ನಿಧಾನವಾಗಿ ಎಲೆಗೆ ಸುಣ್ಣ ಸವರಿದರು.

"ಕೇಳ್ರಪ್ಪ. ಬೆಳಗ್ಗಿಂದ ದೀಪ ಇರ್ನಿಲ್ಲ, ಕಲ್ಲುಗುಂಡಿನಂಗಿದ್ದ. ಭೀಮರಾಜು ದೀಪ ಹಚ್ದ, ಆಗಲೇ ಕೆಡ್ತು. ಕುಡಿಯೋದಿರ್ಲಿ, ಸುದ್ದಿ ಕೇಳಿದ್ದಕ್ಕೇ ಹಿಂಗಾಯ್ತು. ಇನ್ನೇನು ಸಾಕ್ಷಿ ಬೇಕು?"

ಊರು ತಲೆದೂಗಿತು. ಕೊಡಗಳ ಸಾಲು ನಲ್ಲಿಯನ್ನು ಬಿಟ್ಟು ನೇರ ಕೆರೆಯ ಕಡೆ ತಿರುಗಿತು. ಸಾಲಿನ ಕೊನೆಯಲ್ಲಿ ಜ್ಞಾನೇಶನ ಹೆಂಡತಿಯೂ ಇದ್ದಳು. ಅವಳ ಹಿಂದೆ ಪುಟ್ಟ ಬಿಂದಿಗೆ ಹಿಡಿದು ಲಿಖಿತಾ.

ಓಡಿಹೋಗಿ ತಡೆಯಬೇಕೆಂದು ಜ್ಞಾನೇಶನಿಗೆ ಬಲವಾಗಿ ಅನ್ನಿಸಿತು. ಆದರೆ ಏಳುವ ಸ್ಥಿತಿಯಲ್ಲಿ ಅವನಿರಲಿಲ್ಲ.